ಸೂಜಿಯಣ್ಣ ಕಡಿಮೆ ಇಟ್ಟ ಕರೆಂಟು

ನಮ್ಮ ಲ್ಯಾಬಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನಂತೂ ಕಂಡಿಲ್ಲ. ಎಲ್ಲರಿಗೂ ಅವರು ಸೂಜಿಯಣ್ಣ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಕೂದಲಿಗಿಂತ ಸಣ್ಣ ಮೊನೆಯ ಸೂಜಿಗಳನ್ನು ಚಿಪ್ ಮೇಲೆ ಇಳಿಸಿ ಕರೆಂಟು ಹಾಯಿಸಿ ನೋಡುವುದು ಅವರ ಕೆಲಸ. ನನ್ನದು ಪಕ್ಕದ ಕೋಣೆಯ ಓವನ್. ಚಿಪ್‌ಗಳನ್ನು ಕಾಯಿಸಿ, ಅವು ತಮ್ಮಲ್ಲಿ ಬರೆದದ್ದನ್ನು ಎಷ್ಟು ಕಾಲ ನೆನಪಿಡುತ್ತವೆ ಎಂದು ಪರೀಕ್ಷಿಸುವುದು. "ಏನಮ್ಮ, ಇವತ್ತು ಹದವಾಗಿ ಬೆಂದಿದೆಯಾ?" ಎಂದು ದಿನಾ ಕಾಡುತ್ತಿದ್ದರು. "ನಿಮ್ಮ ತಲೆ ಬೆಂದಿದೆ" ಎನ್ನುತ್ತಿದ್ದೆ ನಾನು.

ಅವರ ಹೆಂಡತಿಯನ್ನು ನಾವು ನೋಡುವ ಮೊದಲೇ ಕೇಳಿದ್ದೆವು. ಅತ್ತಿಗೆಯದು ಅಂಥ ಗಂಟಲು. ಫೋನ್ ಬಂದರೆ ಸೂಜಿಯಣ್ಣ ಅದನ್ನು ಕಿವಿಯಿಂದ ಮೊಳ ದೂರ ಹಿಡಿಯುತ್ತಿದ್ದರು. ಊಟದ ಖಾಲಿ ಡಬ್ಬಿಯನ್ನು ಮೇಜಿನ ಕೆಳಗೆ ಮರೆತು ಹೋಗುವುದು ಅವರ ಹಳೆಯ ಚಾಳಿ, ಬೈಸಿಕೊಳ್ಳುವುದು ಅದರ ಪ್ರಸಾದ.

ಒಂದು ವರ್ಷ ಲ್ಯಾಬಿಗೆ ಮನೆಯವರನ್ನೆಲ್ಲ ಕರೆಸಿದ್ದರು. ಮೈಕನ್ನು ನೇರವಾಗಿ ಚಿಪ್‌ಗೆ ಜೋಡಿಸಿ, ಮಾತು ಬರೆದು, ಪ್ಲಗ್ ಕಿತ್ತು ಮತ್ತೆ ಹಾಕಿ ಕೇಳಿಸುವ ಏರ್ಪಾಡು. ಫೋನಿನ ಕ್ಯಾಮೆರಾ ಎತ್ತಿದರೆ ಮುಖಕ್ಕೆ ಕೈ ಅಡ್ಡ ಹಿಡಿದು ಓಡುವ ಅತ್ತಿಗೆ ಅವತ್ತು ಮೈಕ್ ಮಾತ್ರ ಕಸಿದುಕೊಂಡರು. "ರೀ, ಇವತ್ತೂ ಡಬ್ಬಿ ಮರೆತು ಬಂದ್ರೆ ನಾಳೆ ಬರೀ ಕೈಲಿ ಕಳಿಸ್ತೀನಿ, ನೋಡ್ತಿರಿ!" ಎಂದರು. ಪ್ಲಗ್ ಕಿತ್ತು ಹಾಕಿದ ಮೇಲೂ ಚಿಪ್ ಅದೇ ಅಬ್ಬರದಲ್ಲಿ ಬೈಯಿತು. ನಗು ಅಂದರೆ ನಗು! ಅತ್ತಿಗೆಗೂ ಹಿಗ್ಗು. "ಇದಕ್ಕೆ ನೆನಪಿರತ್ತೆ, ನಿಮಗೆ ಯಾಕ್ರೀ ಇರಲ್ಲ?" ಎಂದು ಕೇಳಿದರು.

ಸೂಜಿಯಣ್ಣ ಅವರಿಗೆ ವಿವರಿಸಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ಎರಡು ಲೋಹದ ನಡುವೆ ಆಕ್ಸೈಡಿನ ತೆಳು ಪದರ ಇದೆ ಅಂದ್ಕೋ. ಅದರಲ್ಲಿ ಕರೆಂಟು ಹರಿಯಲ್ಲ. ಕರೆಂಟಿನ ಒತ್ತಡ, ಅಂದ್ರೆ ವೋಲ್ಟೇಜ್ ಹಾಕಿದ್ರೆ ಒಳಗಿರೋ ಆಕ್ಸಿಜನ್ ಜಾಗ ಬಿಟ್ಟು ಸರಿಯತ್ತೆ. ಖಾಲಿಯಾದ ಜಾಗಗಳು ಸಾಲಾಗಿ ನಿಂತ್ರೆ ಹುಲ್ಲಲ್ಲಿ ಕಾಲುದಾರಿ ಬಿದ್ದ ಹಾಗೆ. ದಾರಿ ಇದ್ರೆ ಒಂದು, ದಾರಿ ಕಡಿದ್ರೆ ಸೊನ್ನೆ. ಕರೆಂಟು ಹೋದ್ರೂ ದಾರಿ ಹೋಗಲ್ಲ."

ಅಷ್ಟಕ್ಕೇ ಮುಗಿದರೆ ಸೂಜಿಯಣ್ಣನಂಥವರು ಯಾಕೆ ಬೇಕು? ದಾರಿ ಬೀಳುವಾಗ ಹರಿಯುವ ಕರೆಂಟಿಗೆ ಮಿತಿ ಇಡಬೇಕು. ಮಿತಿ ಮೀರಿದರೆ ದಾರಿ ಹೆದ್ದಾರಿಯಾಗಿ ಆ ಜಾಗ ಸುಟ್ಟುಹೋಗುತ್ತದೆ, ಮತ್ತೆಂದೂ ಅದನ್ನು ಅಳಿಸಲಾಗದು. ತೀರ ಕಡಿಮೆ ಇಟ್ಟರೆ ದಾರಿ ಎಳೆಯಷ್ಟು ಸಣ್ಣಗಾಗುತ್ತದೆ, ಬಿಸಿ ತಾಗಿದರೆ ಹುಲ್ಲು ಮತ್ತೆ ಮುಚ್ಚಿಕೊಳ್ಳುತ್ತದೆ. ಈ ಹದ ಅವರ ಬೆರಳಲ್ಲಿತ್ತು.

ಆಮೇಲೆ ಅತ್ತಿಗೆಯ ಧ್ವನಿ ಒಡೆಯಿತು. ಶೀತ ಅಂದುಕೊಂಡರು. ಶೀತವಾಗಿರಲಿಲ್ಲ, ಹಾಳಾದ್ದು ಗಂಟಲಲ್ಲೇ ಗಂಟು ಕಟ್ಟಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಸ್ಪತ್ರೆಗೆ ಓಡುವ ದಿನ ಸೂಜಿಯಣ್ಣ ಬೀರುವಿನಲ್ಲಿದ್ದ ಚಿಪ್‌ಗಳ ಟ್ರೇ ಎತ್ತಿ ನನ್ನ ಕೈಗಿತ್ತು, "ಇದನ್ನ ಹಾಕಿಬಿಡಮ್ಮ" ಎಂದು ಹೊರಟೇಹೋದರು. ನಾನು ಓವನ್ನಿಗೆ ಹಾಕಿದೆ.

ಹೆಂಡತಿಯನ್ನು ಮನೆಗೆ ಕರೆತಂದ ಮೇಲೆ ಕೆಲಸಕ್ಕೆ ಬಂದವರು ನೇರ ಬೀರುವಿನ ಹತ್ತಿರ ಹೋದರು. ಅತ್ತಿಗೆಗೆ ಮಾತು ಕೊಟ್ಟು ಬಂದಿದ್ದರಂತೆ, ನಿನ್ನ ಧ್ವನಿ ಲ್ಯಾಬಿನಲ್ಲಿದೆ, ತಂದು ಕೇಳಿಸ್ತೀನಿ ಅಂತ. ಬೇರೆಲ್ಲೂ ಅದು ಇರಲಿಲ್ಲ.

"ಆ ಟ್ರೇ ಎಲ್ಲಿ?" ಎಂದು ಕೇಳಿದರು. ಅತ್ತಿಗೆಯ ಮಾತಿದ್ದ ಚಿಪ್ ಅದರಲ್ಲೇ ಇತ್ತು. ನಾನು ಓವನ್ ಕಡೆ ನೋಡಿದೆ. ಅಯ್ಯೋ, ಅವರ ಮುಖ ನೋಡಬಾರದಿತ್ತು.

ನಾನು ಲ್ಯಾಬಿನ ಮುಖ್ಯಸ್ಥೆ ಮೇಡಂ ಹತ್ತಿರ ಜಗಳಕ್ಕೇ ಹೋದೆ. "ಬಾಗಿಲು ತೆಗೀತೀನಿ, ಏನ್ ಬೇಕಾದ್ರೂ ಮಾಡ್ಕೊಳ್ಳಿ" ಎಂದೆ. ಅವರು ಕೆಟ್ಟವರಲ್ಲ, ಕಣ್ಣಲ್ಲಿ ನೀರೂ ಬಂತು. ಆದರೆ ಅದೇ ಓವನ್ನಿನಲ್ಲಿ ಎಷ್ಟೋ ಜನರ ಚಿಪ್‌ಗಳಿದ್ದವು. "ಮಧ್ಯೆ ಬಿಸಿ ಇಳಿದ್ರೆ ಅಷ್ಟೂ ಜನರ ಕೆಲಸ ಹಾಳಾಗತ್ತೆ. ನಾನು ಹೇಗೆ ತೆಗಿ ಅನ್ನಲಿ, ನೀನೇ ಹೇಳು" ಎಂದರು. "ಅವರು ಹೇಳೋದು ಸರಿ" ಎಂದು ಸೂಜಿಯಣ್ಣನೇ ನನ್ನನ್ನು ಎಳೆದುಕೊಂಡು ಬಂದರು. ನನಗೆ ಅವರ ಮೇಲೂ ಉರಿದುಹೋಯಿತು.

ಮುಂದೆ ಮಧ್ಯಾಹ್ನದ ಊಟವೆಲ್ಲ ಓವನ್ ಎದುರಿನ ಸ್ಟೂಲ್ ಮೇಲೇ. ಡಬ್ಬಿ ಬಿಚ್ಚುವುದು, ಎರಡು ತುತ್ತು ತಿನ್ನುವುದು, ಮುಚ್ಚುವುದು. "ಎಲ್ಲ ಚಿಪ್ ಹಾಗೆ ಅದೂ ತಡ್ಕೊಳತ್ತೆ ಬಿಡಿ. ನೀವು ಬರೆದದ್ದು ಯಾವತ್ತು ಅಳಿಸಿದೆ?" ಎಂದೆ ಒಮ್ಮೆ.

"ಅದೊಂದಕ್ಕೆ ಮಿತಿ ಕಡಿಮೆ ಇಟ್ಟಿದ್ದೆ ಕಣಮ್ಮ."

"ಯಾಕ್ರೀ?"

"ಅವಳು ಮೊದಲ್ನೇ ಸಲ ಬಂದಿದ್ಲು. ಎಲ್ಲರ ಮುಂದೆ ಚಿಪ್ ಸುಟ್ಟುಹೋಗಿ ಅವಳ ಮಾತು ಬರದೇ ಇದ್ರೆ ಮುಖ ಸಣ್ಣ ಮಾಡ್ಕೋತಾಳೆ ಅಂತ ಹೆದರಿದೆ."

ಯಾವ ಚಿಪ್‌ಗೂ ಹೆದರದ ಮನುಷ್ಯ ಹೆಂಡತಿಯ ಚಿಪ್‌ಗೆ ಹೆದರಿದ್ದ. ಒಳಗೆ ಬಿಸಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು, ಹೊರಗೆ ನಾವು ಕೈಕಟ್ಟಿ ಕೂತಿದ್ದೆವು.

ಓವನ್ ತೆರೆದ ದಿನ ಸೂಜಿ ಇಳಿಸಿದ್ದೂ ಅವರೇ. ಸ್ಪೀಕರಿನಿಂದ ಏನೂ ಬರಲಿಲ್ಲ. ಕರಕರ ಸದ್ದು ಬಂದಿದ್ದರೂ ಏನೋ ಉಳಿದಿದೆ ಅನ್ನಬಹುದಿತ್ತು, ಅದೂ ಇಲ್ಲ. ಪಕ್ಕದ ಚಿಪ್‌ಗಳಲ್ಲಿ ಲ್ಯಾಬಿನ ಹೊಸ ಇಂಜಿನಿಯರ್ ಪರೀಕ್ಷೆಗೆಂದು ತುಂಬಿದ್ದ ಅರ್ಥವಿಲ್ಲದ ಸೊನ್ನೆ ಒಂದುಗಳು ಒಂದೂ ಬಿಡದೆ ಉಳಿದಿದ್ದವು. ಆ ಇಂಜಿನಿಯರ್‌ಗೆ ಕಥೆ ಗೊತ್ತಿರಲಿಲ್ಲ ಪಾಪ. "ಈ ಚಿಪ್ ಹಾಳಾಗಿಲ್ಲ ಅಣ್ಣ. ಖಾಲಿ ಆಗಿದೆ ಅಷ್ಟೇ. ಮತ್ತೆ ಬರೀಬಹುದು" ಎಂದ.

"ಬರೀಬಹುದು" ಎಂದರು ಸೂಜಿಯಣ್ಣ. ಆಮೇಲೆ ಮೈಕ್ರೋಸ್ಕೋಪಿನಿಂದ ಬಹಳ ಹೊತ್ತು ತಲೆ ಎತ್ತಲಿಲ್ಲ.

ಮನೆಯಲ್ಲಿ ಹೇಗೆ ಹೇಳಿದರೋ ನನಗೆ ಗೊತ್ತಿಲ್ಲ. ಡಬ್ಬಿಗಳು ಮಾತ್ರ ಮೇಜಿನ ಕೆಳಗೆ ಸಾಲುಗಟ್ಟಿದವು. ಫೋನ್ ಮಾಡಿ ಬೈಯುವವರು ಯಾರು? ಕೊನೆಗೆ ಒಂದು ದಿನ ಅತ್ತಿಗೆಯೇ ಬಂದು ಬಾಗಿಲಲ್ಲಿ ನಿಂತರು, ಕತ್ತಿಗೆ ತೆಳು ಬಟ್ಟೆ ಸುತ್ತಿಕೊಂಡು. ಬಗ್ಗಿ ಮೇಜಿನ ಕೆಳಗಿನ ಸಾಲು ನೋಡಿದರು. ಸೊಂಟದ ಮೇಲೆ ಕೈ ಹೋಯಿತು, ಬಾಯಿ ತೆರೆಯಿತು. ಏನೂ ಕೇಳಿಸಲಿಲ್ಲ.

ಆಮೇಲೆ ಮೈಕ್ ಕಡೆ ಬೆರಳು ತೋರಿಸಿದರು.

ಸೂಜಿಯಣ್ಣ ಅದೇ ಚಿಪ್ ತೆಗೆದಿಟ್ಟರು. ಈ ಸಲ ಮಿತಿ ಪೂರ್ತಿ ಇಟ್ಟರು, ನಾನು ನೋಡಿದೆ. ಅತ್ತಿಗೆ ಮೈಕನ್ನು ಬಾಯಿಯ ಹತ್ತಿರ ಒಯ್ದು, ನೆನಪಾಗಿ, ಕತ್ತಿನ ರಂಧ್ರದ ಹತ್ತಿರ ಇಳಿಸಿದರು. ಅವರ ಉಸಿರು ಈಗ ಅಲ್ಲಿಂದ. ಒಂದು ಉದ್ದನೆಯ ಉಸಿರು ಬಿಟ್ಟು, ಡಬ್ಬಿಯ ಮುಚ್ಚಳವನ್ನು ಠಣ್ ಠಣ್ ಎಂದು ಬಡಿದರು.

ಪ್ಲಗ್ ಕಿತ್ತು ಹಾಕಿದೆವು. ಸ್ ಎಂದು ಉಸಿರು, ಹಿಂದೆಯೇ ಠಣ್ ಠಣ್. ಚೆನ್ನಾಗಿ ಕೂತಿತ್ತು. ಇನ್ನು ಎಷ್ಟು ಕಾಯಿಸಿದರೂ ಅದು ಹೋಗುವುದಿಲ್ಲ.

ಅತ್ತಿಗೆ ಗಂಡನ ಕಡೆ ತಿರುಗಿ ತುಟಿ ಅಲ್ಲಾಡಿಸಿದರು. ಏನೆಂದು ನಮ್ಮೆಲ್ಲರಿಗೂ ಬಾಯಿಪಾಠ.

"ಆಯ್ತು ಕಣೇ, ಇನ್ಮೇಲೆ ಮರೆಯಲ್ಲ" ಎಂದು ಸೂಜಿಯಣ್ಣ ಮೇಜಿನ ಕೆಳಗೆ ಬಗ್ಗಿ, ಒಂದೊಂದೇ ಡಬ್ಬಿ ಎತ್ತಿ ಚೀಲಕ್ಕೆ ಹಾಕತೊಡಗಿದರು.