ಮಡಿ ಮಾಡಿಸಿದ ಕೋಳಿಮರಿ

ಆ ಕೋಳಿಮರಿ ಯಾರ ಪ್ರೀತಿಯಿಂದಲೂ ಬದುಕಲಿಲ್ಲ, ಯಾವ ದೇವರ ತೀರ್ಥದಿಂದಲೂ ಬದುಕಲಿಲ್ಲ. ಮುಚ್ಚಿಹೋಗಿದ್ದ ಅದರ ತಿಕವನ್ನು ಬಿಸಿನೀರಿನಲ್ಲಿ ನೆನೆಸಿ ನೆನೆಸಿ ತೊಳೆದದ್ದರಿಂದ ಬದುಕಿತು. ತೊಳೆದವಳು ನಾನು. ಹೀಗೆ ಹೇಳಿದರೆ ನನ್ನ ಮಗಳಿಗೆ ಇವತ್ತಿಗೂ ಮುಜುಗರ. "ಅಮ್ಮಾ, ಊಟದ ಹೊತ್ತಿನಲ್ಲಿ ಆ ಮಾತು ಬೇಡ" ಅನ್ನುತ್ತಾಳೆ. ಊಟದ ಹೊತ್ತಲ್ಲದಾಗಲೂ ಬೇಡ ಅನ್ನುತ್ತಾಳೆ.

ಗಂಡ ತೀರಿಕೊಂಡ ಮೇಲೆ ನಾನು ನೋಯ್ಡಾದಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯನಿಗೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕೆಲಸ. ಅವರದು ಈರುಳ್ಳಿಯನ್ನೇ ಅನುಮಾನದಿಂದ ನೋಡುವ ಮನೆತನ. ನಮ್ಮದು ಹಿತ್ತಲಲ್ಲಿ ಕೋಳಿ ಸಾಕಿ, ಯುಗಾದಿಯ ಮರುದಿನ ಹೊಸತೊಡಕಿಗೆ ಅದನ್ನೇ ಕುಯ್ದು ಸಾರು ಮಾಡುವ ಮನೆ. ಮಗಳು ಇಷ್ಟಪಟ್ಟು ಮದುವೆಯಾದಳು, ಸರಿ. ಆದರೆ ಆದಮೇಲೆ ಗಂಡನನ್ನೂ ಮೀರಿಸಿ ಮಡಿಯಾಗಿಬಿಟ್ಟಳು. ಕೋಳಿಯ ಕಾಲಿಗಾಗಿ ಅಣ್ಣನ ಜುಟ್ಟು ಹಿಡಿದು ಎಳೆದವಳು ಇವಳೇ ಎಂದು ಅಳಿಯನ ಮುಂದೆ ಹೇಳಲು ಎಷ್ಟೋ ಸಲ ಬಾಯಿಗೆ ಬಂದಿದೆ. ನುಂಗಿಕೊಂಡಿದ್ದೇನೆ.

ಹೋಳಿ ಹಬ್ಬಕ್ಕೆ ಮುಂಚಿನ ದಿನಗಳು. ಸೊಸೈಟಿ ಅಂತ ಕರೆಯುವ ನಮ್ಮ ಅಪಾರ್ಟ್‌ಮೆಂಟಿನ ಹತ್ತಿರ ನಡೆಯುವ ವಾರದ ಬಜಾರಿನಲ್ಲಿ ಒಬ್ಬ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ನಿಂತಿದ್ದ. ಬುಟ್ಟಿಯ ತುಂಬ ಕೋಳಿಮರಿಗಳು. ಹಸಿರು, ನೀಲಿ, ಗುಲಾಬಿ. ದೇವರು ಕೊಟ್ಟ ಹಳದಿ ಸಾಲದೆಂದು ಬಟ್ಟೆಗೆ ಹಾಕುವ ಬಣ್ಣದಲ್ಲಿ ಅದ್ದಿ ತಂದಿದ್ದ. ಒಂದರ ಮೇಲೊಂದು ಹತ್ತಿಕೊಂಡು, ಒಂದರ ಹೇಲನ್ನು ಇನ್ನೊಂದು ತುಳಿಯುತ್ತ ಕಿರುಚುತ್ತಿದ್ದವು. ಮೊಮ್ಮಗಳು, ಆಗ ಎರಡನೇ ಕ್ಲಾಸು, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಅಜ್ಜಿ, ಪಿಂಕ್‌ವಾಲಾ! ಪ್ಲೀಸ್!"

"ಭಯ್ಯಾ, ಬದುಕುತ್ತಾ ಇದು?" ಎಂದು ಮಗಳು ಹಿಂದಿಯಲ್ಲಿ ಕೇಳಿದಳು.

"ಅರೇ ಮೇಡಮ್, ಬಿಲ್ಕುಲ್ ಫಸ್ಟ್ ಕ್ಲಾಸ್" ಅಂದ ಅವನು, ಸತ್ತುಬಿದ್ದಿದ್ದ ಒಂದು ಹಸಿರು ಮರಿಯನ್ನು ಬುಟ್ಟಿಯಿಂದ ತೆಗೆದು ಚರಂಡಿಗೆ ಎಸೆಯುತ್ತ.

ಅದನ್ನು ಕಣ್ಣಾರೆ ಕಂಡ ಮೇಲೂ ತೆಗೆದುಕೊಂಡರು. ನಾನು ಬೇಡ ಅಂದೆ. ತಾಯಿಯಿಲ್ಲದ ಮರಿ, ಮಾರ್ಚಿಯಲ್ಲೂ ಬಿಡದ ಅಲ್ಲಿನ ರಾತ್ರಿ ಚಳಿ, ನಾಲ್ಕನೇ ಮಹಡಿ. ಯಾರು ಕೇಳುತ್ತಾರೆ?

ಮನೆಯ ಬಾಗಿಲಿಗೆ ಬಂದಾಗ ಮಗಳಿಗೆ ಮಡಿ ನೆನಪಾಯಿತು.

"ಬೀದಿಯಿಂದ ಬಂದದ್ದು. ಸ್ನಾನ ಮಾಡಿಸದೆ ಒಳಗೆ ಬಿಡೋದು ಹ್ಯಾಗಮ್ಮಾ? ದೇವರ ಗೂಡು ಹಾಲಿನಲ್ಲೇ ಇದೆ."

"ಕೋಳಿಮರಿಗೆ ನೀರು ಹುಯ್ಯಬಾರದು ಕಣೇ. ಸೀತ ಹಿಡಿದು ಸಾಯುತ್ತೆ."

"ಬೆಚ್ಚಗಿನ ನೀರಮ್ಮಾ. ಮಗು ಶಾಂಪೂ ಹಾಕ್ತೀನಿ."

"ಹಾಕು. ಆಮೇಲೆ ಜಡೆ ಹಾಕಿ ಮಲ್ಲಿಗೆ ಮುಡಿಸು."

ಅವಳು ಹಾಕಿಯೇ ಹಾಕಿದಳು. ಬಚ್ಚಲಲ್ಲಿ ಗುಲಾಬಿ ನೀರು ಹರಿಯಿತು, ಮರಿಯ ಬಣ್ಣ ಮಾತ್ರ ಹೋಗಲಿಲ್ಲ. ಹಿಂಡಿದ ಹತ್ತಿಯ ಹಾಗಾಯಿತು ಅದು. ತಲೆಗೂದಲು ಒಣಗಿಸುವ ಮಿಷನ್ ಹಿಡಿದರು. ಆ ಸದ್ದಿಗೆ ಮರಿ ಅಂಗೈಯಲ್ಲೇ ಕುಸಿದು ಕೂತಿತು. ಆಮೇಲೆ ಸಣ್ಣ ತಟ್ಟೆಯಲ್ಲಿ ಮೊಸರನ್ನ ಕಲಸಿ, ಅನ್ನಪ್ರಾಶನದ ಮಗುವಿಗೆ ಇಡುವ ಹಾಗೆ ಕೊಕ್ಕಿಗೆ ಸವರಿದರು. ಇಷ್ಟೆಲ್ಲ ಆದಮೇಲೂ ಅದನ್ನು ಮನೆಯೊಳಗೆ ಮಲಗಿಸಿದರೇ? ಇಲ್ಲ. ಚಪ್ಪಲಿ ಡಬ್ಬದಲ್ಲಿಟ್ಟು ಬಾಲ್ಕನಿಯಲ್ಲಿಟ್ಟರು.

ಬೆಳಿಗ್ಗೆ ನೋಡಿದರೆ ಮರಿ ಕಣ್ಣು ಮುಚ್ಚಿ, ರೆಕ್ಕೆ ಜೋಲು ಬಿಟ್ಟು, ಕತ್ತು ಒಳಗೆ ಎಳೆದುಕೊಂಡು ನಿಂತಿತ್ತು.

"ಅಜ್ಜಿ, ಯೇ ಸೋ ರಹಾ ಹೈ ಕ್ಯಾ? ನಿದ್ದೆ ಮಾಡ್ತಿದೆಯಾ?"

"ಇಲ್ಲ. ಸಾಯ್ತಾ ಇದೆ."

ಹುಡುಗಿ ಮನೆ ಹಾರಿಹೋಗುವ ಹಾಗೆ ಅರಚಿದಳು. ಮಗಳು ಅಡುಗೆಮನೆಯಿಂದ ಓಡಿಬಂದು ನನ್ನನ್ನೇ ಬೈದಳು. "ಮಗುವಿಗೆ ಹಾಗಾ ಹೇಳೋದು?"

"ಮತ್ತೆ ಹ್ಯಾಗೆ ಹೇಳಲಿ? ಸಾಯೋದು ಸಾಯ್ತಾ ಇದೆ."

ಮರಿಯನ್ನು ಎತ್ತಿ ಬೋರಲು ಹಾಕಿ ಬಾಲದ ಬುಡ ಸರಿಸಿ ನೋಡಿದೆ. ಅಂದುಕೊಂಡದ್ದೇ. ಸೀತ ಹಿಡಿದ ಮರಿಗೆ ಭೇದಿಯಾಗಿ, ಅದು ಪುಕ್ಕಕ್ಕೆ ಅಂಟಿ ಒಣಗಿ, ಸುಣ್ಣದ ಗಾರೆಯ ಹಾಗೆ ಗಟ್ಟಿಯಾಗಿ ದಾರಿಯೇ ಮುಚ್ಚಿಹೋಗಿತ್ತು. ಹೊಟ್ಟೆ ಉಬ್ಬಿತ್ತು. ಮೊಸರಿನ ಹುಳಿ ನಾತ, ಹೇಲಿನ ನಾತ, ಶಾಂಪೂವಿನ ಘಮ, ಮೂರೂ ಸೇರಿ ಬಂದವು. ಹಾಗೆ ಬಿಟ್ಟರೆ ಸಂಜೆಯೊಳಗೆ ಹೋಗುತ್ತದೆಂದು ಗೊತ್ತಾಯಿತು.

"ಬಿಸಿನೀರು, ಹಳೇ ಬಟ್ಟೆ, ಕೊಬ್ಬರಿ ಎಣ್ಣೆ ತಾ. ಇದರ ತಿಕ ತೊಳೀಬೇಕು."

ಮಗಳು ಎಲ್ಲವನ್ನೂ ತಂದು ದೂರದಲ್ಲಿಟ್ಟು ಮೂಗಿಗೆ ಸೆರಗು ಹಿಡಿದಳು. ಅಳಿಯ ಸ್ನಾನ ಮುಗಿಸಿ ಬಂದು ಬಾಲ್ಕನಿಯ ಹೊಸ್ತಿಲಲ್ಲಿ ನಿಂತರು.

"ಅತ್ತೆ, ಹಕ್ಕಿಜ್ವರ ಅಂತ ಪೇಪರಿನಲ್ಲಿ ಬರ್ತಿದೆ. ಬರಿಗೈಯಲ್ಲಿ ಮುಟ್ಟಬೇಡಿ."

"ಹಾಗಾದರೆ ನೀವು ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹಿಡ್ಕೊಳ್ಳಿ, ನಾನು ತೊಳೀತೀನಿ."

"ನಾನು ಪೂಜೆಗೆ ಕೂರಬೇಕು."

"ಕೂತ್ಕೊಳ್ಳಿ."

ನನಗೇನು ಹೇಸಿಗೆ ಇಲ್ಲವೆಂದು ತಿಳಿಯಬೇಡಿ. ನನಗೂ ಹೇಸಿಗೆಯೇ. ಗಟ್ಟಿಯಾದದ್ದನ್ನು ಕೀಳುವ ಹಾಗಿಲ್ಲ. ಕಿತ್ತರೆ ಚರ್ಮ ಹರಿದು ಕರುಳು ಹೊರಗೆ ಬರುತ್ತದೆ. ಬಿಸಿನೀರಿನ ಬಟ್ಟೆ ಒತ್ತಿ ಇಡಬೇಕು, ಮೆತ್ತಗಾಗುವ ತನಕ ಕಾಯಬೇಕು, ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ನನ್ನ ಉಗುರುಗಳೊಳಗೆ ಗುಲಾಬಿ ಬಣ್ಣ, ಬಣ್ಣದ ಜೊತೆ ಅದು. ಕೊನೆಗೆ ದಾರಿ ಬಿಟ್ಟುಕೊಂಡು, ಹೊಟ್ಟೆಯಲ್ಲಿದ್ದದ್ದೆಲ್ಲ ಪಿಚಕ್ಕೆಂದು ನನ್ನ ಮಡಿಲಿಗೆ ಬಂತು. ನೋಡುತ್ತ ನಿಂತಿದ್ದ ಮೊಮ್ಮಗಳು ಅಲ್ಲೇ ವಾಂತಿ ಮಾಡಿಕೊಂಡಳು. ಅದನ್ನೂ ನಾನೇ ಬಳಿದೆ.

ಆದರೆ ಒಂದು ಮಾತು. ಬಾಯಿ ತೊಳೆದುಕೊಂಡು ವಾಪಸು ಬಂದವಳು ಅವಳೊಬ್ಬಳೇ. ಎಡಗೈಯಲ್ಲಿ ಮೂಗು ಹಿಡಿದುಕೊಂಡು, ಬಲಗೈಯಲ್ಲಿ ಎಣ್ಣೆ ಬಟ್ಟಲು ಹಿಡಿದು ನಿಂತಳು. ಪೂಜೆ ಮುಗಿಸಿದ ಅಳಿಯ ಒಂದು ಉದ್ಧರಣೆ ತೀರ್ಥ ತಂದು ದೂರದಿಂದಲೇ ಮರಿಯ ಮೇಲೆ ಹಾಕಿದರು. ಗುರಿ ತಪ್ಪಿ ನನ್ನ ತೋಳಿನ ಮೇಲೆ ಬಿತ್ತು.

ಒಣಬಟ್ಟೆಯಲ್ಲಿ ಸುತ್ತಿ, ಡಬ್ಬವನ್ನು ನನ್ನ ಮಂಚದ ಪಕ್ಕಕ್ಕೆ ತಂದು, ಟೇಬಲ್ ಲ್ಯಾಂಪಿನ ಬಲ್ಬು ಬಗ್ಗಿಸಿಟ್ಟೆ. ಬೆರಳ ತುದಿಯಿಂದ ಬೆಲ್ಲದ ನೀರು. ಮೊಸರನ್ನ ತೆಗೆದು ಬಿಸಾಕಿ ಅಕ್ಕಿನುಚ್ಚು. ಮತ್ತೆ ಅಂಟಿಕೊಂಡಿತು, ಮತ್ತೆ ತೊಳೆದೆ. ಮತ್ತೆ ಅಂಟಿತು, ಮತ್ತೆ ತೊಳೆದೆ. ಎಷ್ಟು ಸೋಪು ಹಾಕಿ ಕೈ ತೊಳೆದರೂ ತುತ್ತು ಎತ್ತಿದಾಗ ಅದೇ ನಾತ. ಕಲಸಿದ ಅನ್ನವನ್ನು ಎಷ್ಟೋ ಸಲ ಹಾಗೇ ಬಿಟ್ಟು ಎದ್ದಿದ್ದೇನೆ. ಶಾಲೆಯಿಂದ ಬಂದ ಕೂಡಲೇ ಹುಡುಗಿ ಬೂಟನ್ನೂ ಬಿಚ್ಚದೆ ಡಬ್ಬದ ಹತ್ತಿರ ಬಂದು, "ಜಿಂದಾ ಹೈ?" ಎಂದು ಕೇಳುತ್ತಿದ್ದಳು. "ಬದುಕಿದೆ ಇನ್ನೂ" ಅನ್ನುತ್ತಿದ್ದೆ.

ಒಂದು ಮಧ್ಯಾಹ್ನ ಮರಿ ಕೆಳಗೆ ಹಾಸಿದ್ದ ಪೇಪರನ್ನು ಕಾಲಿನಿಂದ ಕೆದಕಿತು. ಹಿಕ್ಕೆ ಕೂಡ ತುಣುಕು ತುಣುಕಾಗಿ, ಒಣಗಿ ಬಿತ್ತು. ಬದುಕಿತು ಅಂದುಕೊಂಡೆ.

ಅಂದು ಸಂಜೆ ಮಗಳು ಪಕ್ಕದ ಮನೆಗಳ ಹೆಂಗಸರನ್ನೂ ಮಕ್ಕಳನ್ನೂ ಕರೆದಳು. ಚಹಾ, ಸಮೋಸ. ಮರಿಯ ಕತ್ತಿಗೆ ರಿಬ್ಬನ್. ಅಳಿಯ ಹೊಸ ಮೊಬೈಲಿನಲ್ಲಿ ಫೋಟೋ ತೆಗೆದದ್ದೇ ತೆಗೆದದ್ದು.

"ನಾವೆಲ್ಲ ಹಗಲೂ ರಾತ್ರಿ ನೋಡ್ಕೊಂಡ್ವಿ" ಎಂದು ಮಗಳು ಹೇಳಿದಳು.

"ತೀರ್ಥ ಹಾಕಿದ ದಿನದಿಂದಲೇ ಚೇತರಿಸ್ಕೊಳ್ತು" ಅಂದರು ಅಳಿಯ.

ಎದುರುಮನೆಯ ಪಂಜಾಬಿ ಹೆಂಗಸು ಮೊಮ್ಮಗಳ ಕೆನ್ನೆ ಹಿಂಡಿ, "ಬಚ್ಚಿ ಕಾ ಪ್ಯಾರ್ ಹೈ ಜೀ, ಮಗುವಿನ ಪ್ರೀತಿ" ಅಂದಳು.

ನಾನು ಮೂಲೆಯಲ್ಲಿ ಕೂತು ನನ್ನ ಉಗುರು ನೋಡಿಕೊಂಡೆ. ಮಕ್ಕಳು ಮರಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದವು. ಒಬ್ಬ ಹೊಟ್ಟೆ ಒತ್ತಿಯೇ ಒತ್ತಿದ. ಅದು ಸೋಫಾದ ಮೇಲೆ ಹೇತಿತು.

"ಛೀ ಛೀ!" ಮಗಳು ಎದ್ದಳು. "ನಾಳೆ ಬೆಳಿಗ್ಗೆ ಗೀಸರ್ ಹಾಕಿ ಇನ್ನೊಂದು ಸ್ನಾನ ಮಾಡಿಸಿಬಿಡ್ತೀನಿ. ಈ ಸಲ ಬಿಸಿಲಲ್ಲಿ ಒಣಗಿಸ್ತೀನಿ."

ಕೈಯಲ್ಲಿದ್ದ ಲೋಟವನ್ನು ಕುಕ್ಕಿಟ್ಟೆ. ಆ ಹೇಲು ತೊಳೆದಾಗ ಆಗದಷ್ಟು ಹೇಸಿಗೆ ಈ ಮಾತಿಗೆ ಆಯಿತು.

ಬಂದವರು ಹೋದಮೇಲೆ ಮೊಮ್ಮಗಳನ್ನು ಕರೆದು ಕೂರಿಸಿಕೊಂಡೆ. "ನಿನಗೆ ಮರಿ ನಿನ್ನ ಹತ್ತಿರ ಇರೋದು ಬೇಕಾ, ಮರಿ ಬದುಕೋದು ಬೇಕಾ?"

"ದೋನೋ."

"ಎರಡೂ ಆಗಲ್ಲ. ನಿಮ್ಮಮ್ಮ ಬಿಡಲ್ಲ."

ಅವಳು ಎದ್ದು ಡಬ್ಬದ ಹತ್ತಿರ ಹೋಗಿ ಕೂತಳು. ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮರುದಿನ ಬೆಳಿಗ್ಗೆ, ಮಗಳು ಏಳುವ ಮುಂಚೆ, ರಿಬ್ಬನ್ ಕತ್ತರಿಸಿ ಮರಿಯನ್ನು ತರಕಾರಿ ಚೀಲದಲ್ಲಿಟ್ಟುಕೊಂಡೆ. ಬಾಗಿಲು ತೆಗೆಯುವಾಗ ಮೊಮ್ಮಗಳು ಬಂದು ನನ್ನ ಹಿಂದೆ ನಿಂತಿದ್ದಳು, ಚಪ್ಪಲಿ ಹಾಕಿಕೊಂಡೇ. ಇಬ್ಬರೂ ಸೊಸೈಟಿಯ ಹಿಂದಿನ ಗೇಟು ದಾಟಿ, ಗೋಡೆಯಾಚೆಯ ಹಳ್ಳಿಗೆ ಹೋದೆವು. ನಮ್ಮ ಬಟ್ಟೆ ಇಸ್ತ್ರಿ ಮಾಡುವವಳ ಮನೆ ಅಲ್ಲಿ. ಅಂಗಳದಲ್ಲಿ ಕೋಳಿ ಸಾಕಿದ್ದಾಳೆ. ಗುಲಾಬಿ ಮರಿ ನೋಡಿ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಇದಕ್ಕೆ ಸ್ನಾನ ನಹೀ" ಎಂದಷ್ಟೇ ನನಗೆ ಬಂದ ಹಿಂದಿಯಲ್ಲಿ ಹೇಳಿದೆ.

ಚೀಲದಿಂದ ತೆಗೆದು ಕೆಳಗೆ ಬಿಟ್ಟವಳು ಮೊಮ್ಮಗಳೇ. ಒಂದು ಹೇಂಟೆ ಬಂದು ಮರಿಯ ತಲೆಗೆ ಕುಕ್ಕಿತು.

"ಅಜ್ಜಿ, ಮಾರ್ ರಹೀ ಹೈ! ಹೊಡೀತಿದೆ!"

"ಹೊಡೀಲಿ. ಕಲೀತದೆ."

ಮರಿ ಓಡಿಹೋಗಿ ಗೋಡೆಯ ಬುಡದಲ್ಲಿದ್ದ ಬೇರೆ ಮರಿಗಳ ನಡುವೆ ನುಗ್ಗಿ ಮಣ್ಣು ಕೆದಕತೊಡಗಿತು. ದೊಡ್ಡದಾದ ಮೇಲೆ ಅದನ್ನು ಅವರು ತಿನ್ನುತ್ತಾರೆ. ತಿನ್ನಲಿ. ಅದನ್ನು ಹುಡುಗಿಗೆ ಹೇಳಲಿಲ್ಲ; ಅವಳೂ ಕೇಳಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತಳು. ಅಳಬೇಡ ಅನ್ನದೆ ಅವಳ ಕೈ ಹಿಡಿದು ನಡೆಸಿಕೊಂಡು ಬಂದೆ.