ಮೈಲವ್ವನ ಹತ್ತು ಗುಂಟೆ ಕಣ

ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ, ಹೊಸ ಮನೆಗಳ ನಟ್ಟನಡುವೆ ಒಂದು ಬಯಲಿದೆ. ಅದು ಹನ್ನೆರಡು ಗುಂಟೆ ಎಂದು ಕೆಲವರು, ಅರ್ಧ ಎಕರೆ ಎಂದು ಇನ್ನು ಕೆಲವರು ಹೇಳಿಕೊಂಡು ತಿರುಗುತ್ತಾರೆ. ಎರಡೂ ತಪ್ಪು. ಅದು ಹತ್ತು ಗುಂಟೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಬಯಲು ಬಯಲಾಗಿಯೇ ಉಳಿದದ್ದು ಮೈಲವ್ವನಿಂದ ಎಂಬ ಮಾತೂ ಊರಲ್ಲಿದೆ. ಅದು ಅರ್ಧ ಸತ್ಯ. ಅದೇ ಮೈಲವ್ವನಿಂದ ಅದು ಕೈಬಿಟ್ಟು ಹೋಗುವುದರಲ್ಲಿತ್ತು ಎಂಬುದು ಉಳಿದರ್ಧ.

ಮೈಲವ್ವನೂ ಅವಳ ಗಂಡ ಸೋಮಪ್ಪನೂ ಅಲ್ಲಿ ಎರಡೂವರೆ ಎಕರೆ ಹೊಲದ ಒಡೆಯರಾಗಿದ್ದರು. ಊರು ಬೆಳೆಯುತ್ತ ಬಂದು ಹೊಲದ ಮೂರು ಕಡೆ ಮನೆಗಳೆದ್ದವು. ಎತ್ತಿನ ಗಾಡಿ ಹೋಗುವ ದಾರಿಯಲ್ಲಿ ಯಾರೋ ಕಟ್ಟೆ ಕಟ್ಟಿದರು. ಬೆಳೆಯನ್ನು ಊರ ಆಡುಗಳು ಮೇಯ್ದವು. ಮೋಟೆಬೆನ್ನೂರಿನ ಬಳಿ ಇನ್ನೊಂದು ಹೊಲವಿದ್ದುದರಿಂದ, ಇದನ್ನು ಮಾರಿಬಿಡುವುದೆಂದು ೨೦೦೩ರಲ್ಲಿ ನಿಶ್ಚಯವಾಯಿತು. ಕೊಳ್ಳಲು ಬಂದವನು ರಾಣೆಬೆನ್ನೂರಿನ ಮನೋಹರ. ಮೊದಲು ಬೀಜದ ವ್ಯಾಪಾರ ಮಾಡುತ್ತಿದ್ದ. ಹೊಲಗಳಲ್ಲಿ ಬೀಜಕ್ಕಿಂತ ಸೈಟು ಚೆನ್ನಾಗಿ ಮೊಳೆಯುತ್ತದೆಂದು ಕಂಡುಕೊಂಡ ಮೇಲೆ ಲೇಔಟುಗಳಿಗೆ ಕೈಹಾಕಿದ್ದ.

ವ್ಯವಹಾರವೆಲ್ಲ ಕುದುರಿ, ಕರಾರು ಪತ್ರ ಬರೆಯುವ ಹೊತ್ತಿಗೆ ಮೈಲವ್ವ ಬಾಯಿ ತೆರೆದಳು.

"ಕಣದಾಗ ಮನಿ ಕಟ್ಟಂಗಿಲ್ಲ ಸಾವ್ಕಾರ್ರ. ಅದನ್ನ ಬರೀರಿ."

"ಏ, ಹೊಲಾನಽ ಹೋತು, ಕಣ ತಗೊಂಡು ಏನ್ ಮಾಡ್ತಿ?" ಎಂದ ಸೋಮಪ್ಪ.

"ನೀವು ಸುಮ್ಮ ಕುಂದ್ರಿ. ಹೊಲ ಮಾರೀವಿ. ಕಣ ಮಾರಿಲ್ಲ."

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಕಣವನ್ನೂ ಮಾರಿದ್ದರು. ಎರಡೂವರೆ ಎಕರೆಗೆ ಹಣ ಮುಟ್ಟಿತ್ತು, ಕಣ ಆ ಎರಡೂವರೆ ಎಕರೆಯ ಒಳಗೇ ಇತ್ತು. ಆದರೆ ಮೈಲವ್ವನ ಲೆಕ್ಕ ಬೇರೆ. ಸೊಸೆಯಾಗಿ ಬಂದ ವರ್ಷ ಅವಳು ಮೊದಲು ಸಾರಿಸಿದ್ದು ಮನೆಯ ಪಡಸಾಲೆಯನ್ನಲ್ಲ, ಆ ಕಣವನ್ನು. ನಡುವೆ ಎತ್ತು ಕಟ್ಟಿ ತಿರುಗಿಸುವ ಮೇಟಿಕಂಬ, ಸುತ್ತ ಸಗಣಿ ಬಳಿದ ನೆಲ, ಅದರ ಮೇಲೆ ಜೋಳದ ರಾಶಿ, ರಾಶಿ ಮುಗಿದ ಮೇಲೆ ಹಾಸಿದ ಕೆಂಪು ಮೆಣಸಿನಕಾಯಿ. ಅವಳ ಅತ್ತೆಯ ಕಾಲದಿಂದಲೂ ಆ ನೆಲಕ್ಕೆ ಕೆರವು ಮೆಟ್ಟಿಕೊಂಡು ಕಾಲಿಟ್ಟವರಿಲ್ಲ. ಬೀಗರು ಬರಲಿ, ತಲಾಟಿ ಬರಲಿ, ಕೆರವು ಅಂಚಿನಾಚೆಗೇ.

ಮನೋಹರ ಮುಗುಳ್ನಕ್ಕು, "ಮೈಲವ್ವಾ, ನಿಮ್ಮ ಮಾತು ಮೀರಾಕ ಬರ್ತದೇನು? ಬರೀರಿ, ಬರೀರಿ" ಎಂದ. "ಸದರಿ ಜಮೀನಿನ ಪೈಕಿ ಕಣದ ಹತ್ತು ಗುಂಟೆ ಜಾಗೆಯಲ್ಲಿ ಯಾವ ಕಾಲಕ್ಕೂ ಕಟ್ಟಡ ಕಟ್ಟತಕ್ಕದ್ದಲ್ಲ" ಎಂಬ ಷರತ್ತು ಕರಾರಿಗೆ ಸೇರಿತು. ಅವನ ನಗೆಗೆ ಕಾರಣವಿತ್ತು. ಲೇಔಟಿಗೆ ಮಂಜೂರಾತಿ ಬೇಕಿದ್ದರೆ ನೂರು ಗುಂಟೆಯಲ್ಲಿ ಹತ್ತು ಗುಂಟೆಯನ್ನು ಉದ್ಯಾನಕ್ಕೆಂದು ಅವನು ಹೇಗೂ ಬಿಡಲೇಬೇಕಿತ್ತು. ನಕ್ಷೆಯಲ್ಲಿ ಕಣವನ್ನೇ ಉದ್ಯಾನವೆಂದು ತೋರಿಸಿದ, ಬಿಟ್ಟುಕೊಡುವ ಪತ್ರ ಮಾಡಿ ಪುರಸಭೆಗೆ ಒಪ್ಪಿಸಿದ. ಮೈಲವ್ವನಿಗೆ ಉಪಕಾರ ಮಾಡಿದ ಪುಣ್ಯವೂ ಅವನ ಪಾಲಿಗೇ ಬಂತು.

ಸೈಟುಗಳು ಮಾರಾಟವಾದವು. ಸೈಟು ಕೊಳ್ಳುವವರು ತಲೆಬಾಗಿಲು ಯಾವ ದಿಕ್ಕಿಗೆ ಬರುತ್ತದೆಂದು ಹತ್ತು ಸಲ ಕೇಳಿದರು. ಉದ್ಯಾನ ಯಾರ ಸ್ವತ್ತು, ಅದನ್ನು ಯಾರು ನೋಡಿಕೊಳ್ಳಬೇಕು ಎಂದು ಒಬ್ಬರೂ ಕೇಳಲಿಲ್ಲ. ಓದುಬರಹ ಬಲ್ಲವರ ಈ ಉದಾಸೀನಕ್ಕೆ ಏನೆನ್ನಬೇಕೋ ತಿಳಿಯದು. ಯಾರೂ ಕೇಳದ ಜಾಗವನ್ನು ಮೈಲವ್ವ ತನ್ನದೆಂದೇ ಆಳಿದಳು. ಸುತ್ತ ಜಾಲಿಮುಳ್ಳಿನ ಬೇಲಿ ಎಳೆಸಿದಳು. ಮೂಲೆಗೆ ಮೇವಿನ ಬಣವೆ ಒಟ್ಟಿಸಿದಳು. ಮೋಟೆಬೆನ್ನೂರಿನ ಹೊಲದ ಮೆಣಸಿನಕಾಯಿ ಅಲ್ಲೇ ಒಣಗುತ್ತಿತ್ತು. ಒಳಗೆ ಬಿದ್ದ ಚೆಂಡು ಹೊರಗೆ ಬರುತ್ತಿರಲಿಲ್ಲ. ಅವಳ ಮನೆ ಅಲ್ಲಿಂದ ಕೂಗಳತೆಯಲ್ಲಿತ್ತು. ಕೂಗು ದಿನವೂ ಕೇಳುತ್ತಿತ್ತು.

೨೦೦೭ರ ದಸರೆ ಕಳೆದ ಮೇಲೆ ಸುದ್ದಿ ಬಂತು. ಮನೋಹರನ ಬಳಿ ಲೇಔಟಿನ ಅಂಚಿಗಿದ್ದ ಹಳ್ಳದ ಪಕ್ಕದ ಮೂಲೆಯ ಸೈಟುಗಳು ಮಾರಾಟವಾಗದೆ ಉಳಿದಿದ್ದವು. ಮಳೆಗಾಲದಲ್ಲಿ ಅಲ್ಲಿ ಕಪ್ಪೆಗಳದೇ ಸಂಸಾರ. ಉದ್ಯಾನವನ್ನು ಆ ಮೂಲೆಗೆ ಸರಿಸಿ, ಕಣದ ಜಾಗವನ್ನು ಸೈಟು ಮಾಡಲು ನಕ್ಷೆ ಬದಲಿಸಿಕೊಡಬೇಕೆಂದು ಅವನು ಅರ್ಜಿ ಹಾಕಿದ್ದ. ಒಮ್ಮೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಜಾಗವನ್ನು ಮರಳಿ ಕೇಳುವ ಅವನ ಧೈರ್ಯವನ್ನು ಮೆಚ್ಚಲೇಬೇಕು. ತಕರಾರಿದ್ದವರು ಬರೆದು ಕೊಡಬಹುದೆಂಬ ಪ್ರಕಟಣೆಯೂ ಹೊರಬಿತ್ತು.

ಮೈಲವ್ವ ಕರಾರು ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗಂಡನನ್ನು ಎಬ್ಬಿಸಿಕೊಂಡು, ಹಾವೇರಿಯ ಬಸ್ಸು ಹತ್ತಿದಳು. ಅಲ್ಲಿಯ ನಗರ ಯೋಜನಾ ಕಚೇರಿಯಲ್ಲಿ ಈ ಕಡತವನ್ನು ನೋಡುತ್ತಿದ್ದವಳು ಶ್ರೀದೇವಿ ಎಂಬ ಅಧಿಕಾರಿ. ಧಾರವಾಡದ ಕಡೆಯವಳು, ಸಮಾಧಾನದವಳು. ಪತ್ರವನ್ನು ಕೊನೆಯ ಸಾಲಿನವರೆಗೂ ಓದಿದಳು.

"ಅವ್ವಾರ, ಇದರಾಗ ಮನಿ ಕಟ್ಟಬಾರದು ಅಂತ ಐತಿ. ಜಾಗಾ ಯಾರದು ಅಂತ ಐತೇನು?"

"ನಂದಽ ಐತ್ರಿ."

"ಎಲ್ಲಿ ಬರದದ?"

ಮೈಲವ್ವ ಗಂಡನ ಮುಖ ನೋಡಿದಳು. ಸೋಮಪ್ಪ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ.

"ಖರೀದಿ ಆದ ದಿನ ಅದು ಅವರದಾತು. ಪುರಸಭಾಕ್ಕ ಬಿಟ್ಟುಕೊಟ್ಟ ದಿನ ಎಲ್ಲಾರದೂ ಆತು. ಉದ್ಯಾನ ಅಂದ್ರ ಯಾರು ಬೇಕಾದ್ರೂ ಬರೂ ಜಾಗಾ. ಈಗ ಅವರು ಏನ್ ಬರದಾರ ಗೊತ್ತೇನ್ರಿ? ಅಲ್ಲಿ ಉದ್ಯಾನ ಇಲ್ಲ, ಒಬ್ಬಾಕಿ ಮುಳ್ಳು ಹಾಕ್ಯಾಳ, ಬಣವಿ ಒಟ್ಟ್ಯಾಳ, ಮಂದಿಗೆ ಅದರಿಂದ ಏನೂ ಉಪಯೋಗಿಲ್ಲ ಅಂತ. ಖರೇ ಏನು?"

"ಮುಳ್ಳು ಹಾಕದಿದ್ರ ದನ ಬರ್ತಾವ್ರಿ ಬಾಯಾರ."

"ಮಂದಿ?"

"ಮಂದೀನೂ ಬರ್ತಾರ್ರಿ. ಅದಕ್ಕಽ ಹಾಕೇನಿ."

ಶ್ರೀದೇವಿ ನಗು ತಡೆಯಲು ಕಡತ ಮುಚ್ಚಿದಳು. "ನಕ್ಷಾ ಬದಲು ಮಾಡೂದು ಸಸಾರ ಅಲ್ರಿ. ಆದ್ರ ಅವರ ಅರ್ಜಿ ಖರೇ ಆಗೂವಂಗ ನೀವಽ ಮಾಡಿ ಇಟ್ಟೀರಿ. ಗುರುವಾರ ಸ್ಥಳ ನೋಡಾಕ ಬರ್ತೇನಿ. ಅಲ್ಲಿ ಏನು ಕಾಣತೈತಿ ಅದನ್ನ ಬರೀತೇನಿ. ಸೈಟು ತಗೊಂಡೋರು ತಕರಾರು ಕೊಟ್ರ ಅದನ್ನೂ ಓದ್ತೇನಿ."

ಹಿಂದಿರುಗುವ ಬಸ್ಸಿನಲ್ಲಿ ಮೈಲವ್ವ ಮೋಟೆಬೆನ್ನೂರು ಬರುವವರೆಗೂ ಮಾತಾಡಲಿಲ್ಲ. ಸೋಮಪ್ಪ ಟಿಕೇಟನ್ನು ಮಡಚುತ್ತ, "ನೀ ಇಷ್ಟು ಹೊತ್ತು ಸುಮ್ಮಿದ್ದದ್ದು ನಾ ಇವತ್ತಽ ನೋಡಿದೆ. ಆ ಬಾಯಾರಿಗೆ ಒಂದು ತೆಂಗಿನಕಾಯಿ ಕೊಡಬೇಕಿತ್ತು" ಎಂದ.

"ಹಳ್ಳದ ದಂಡಿಗೆ ಕಣ ಒಯ್ತಾರಂತ. ಕಣ ಏನು ಕಟ್ಟಿಗಿ ಮಂಚ ಏನು, ಎತ್ತಿ ಇಡಾಕ?" ಎಂದಷ್ಟೇ ಅಂದಳು ಮೈಲವ್ವ. ಅವಳ ದನಿ ಎಂದಿನಂತಿರಲಿಲ್ಲ. ಸೋಮಪ್ಪ ಹಾಸ್ಯ ನಿಲ್ಲಿಸಿದ.

ಮರುದಿನ ಅವಳು ಕಣದ ಎದುರು ಮನೆಯ ಕುಲ್ಸುಮಬಿಯ ಬಾಗಿಲಿಗೆ ಹೋದಳು. ಕುಲ್ಸುಮಬಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮುಂದಾಳು. ಅವಳು ಹೂಂ ಎಂದರೆ ಆ ಲೇಔಟಿನ ಹೆಂಗಸರೆಲ್ಲ ಹೂಂ ಎನ್ನುತ್ತಿದ್ದರು.

"ಬರ್ರಿ ಮೈಲವ್ವಾರ, ಕುಂದ್ರಿ. ನಮ್ಮ ಬಾಗಿಲಕ್ಕ ಮುಳ್ಳು ಇಲ್ಲ."

ಮೈಲವ್ವ ಆ ಮಾತನ್ನು ನುಂಗಿಕೊಂಡಳು. "ತಕರಾರಿಗೆ ನಿಮ್ಮದೊಂದು ಸಹಿ ಬೇಕಿತ್ತ ತಂಗಿ. ಮನೋಹರ ಕಣದಾಗ ಸೈಟು ಮಾಡಾಕತ್ತಾನ."

"ಮಾಡ್ಲಿ ಬಿಡ್ರಿ. ಅಲ್ಲಿ ಮನಿ ಕಟ್ಟಿದೋರಾದ್ರೂ ಒಂದಿನ ಚಾ ಕುಡೀಯಾಕ ಕರದಾರು. ಪಾರ್ಕಿನ ಎದುರು ಸೈಟು ಅಂತ ಆ ಸಾವ್ಕಾರ ನಮ್ಮ ಕಡೆ ಹೆಚ್ಚಿಗಿ ರೊಕ್ಕ ತಗೊಂಡಾನ. ನಾಲ್ಕು ವರ್ಷ ಆತು, ನಾ ಪಾರ್ಕಿನಾಗ ಕಾಲಿಟ್ಟಿಲ್ಲ. ನಿಮ್ಮ ಬೇಲಿ ನೋಡಾಕ ಅಷ್ಟು ರೊಕ್ಕ ಕೊಟ್ಟಂಗಾತು!"

"ಅದು ರಾಶಿ ಮಾಡಿದ ನೆಲ ತಂಗಿ. ತುಳೀಬಾರದು."

"ನಾನೂ ಮೆಣಸಿನಕಾಯಾಗಽ ಬೆಳದಾಕಿ, ನನಗೂ ಗೊತ್ತೈತಿ. ಆದ್ರ ನನ್ನ ಮೊಮ್ಮಗಳು ಮಕ್ತುಮಬಿಯ ಚೆಂಡು ಹೋದ ವರ್ಷದಿಂದ ನಿಮ್ಮ ಅಟ್ಟದ ಮ್ಯಾಲ ಐತಿ. ಮೊದಲ ಚೆಂಡು. ಆಮ್ಯಾಲ ಸಹಿ."

ಮೈಲವ್ವ ಮನೆಗೆ ಬಂದು ಅಟ್ಟದಿಂದ ಮೆಣಸಿನಕಾಯಿ ತುಂಬುವ ದೊಡ್ಡ ಬುಟ್ಟಿಯನ್ನು ಇಳಿಸಿದಳು. ರಬ್ಬರಿನ ಚೆಂಡು, ಪ್ಲಾಸ್ಟಿಕ್ ಚೆಂಡು, ಅರಿವೆ ಸುತ್ತಿದ ಚೆಂಡು, ಬಣ್ಣ ಹೋದದ್ದು, ಗಾಳಿ ಹೋದದ್ದು, ಜೊತೆಗೆ ಯಾರದೋ ಒಂದು ಬುಗುರಿ. ಸೋಮಪ್ಪ ಬಗ್ಗಿ ನೋಡಿ, "ಈ ನಾಲ್ಕು ವರ್ಷ ಸುಗ್ಗಿ ಛಲೋ ಆಗೇತಿ ನಿನಗ" ಎಂದ. ಅವಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಬುಟ್ಟಿಯ ಮುಂದೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅಂದು ಮಧ್ಯಾಹ್ನವೇ ಜಾಲಿಮುಳ್ಳು ಹೊರಬಿತ್ತು. ಬಣವೆ ಟ್ರಾಕ್ಟರಿನಲ್ಲಿ ಮೋಟೆಬೆನ್ನೂರಿಗೆ ಹೋಯಿತು. ಸಂಜೆ ಮೈಲವ್ವ ಬುಟ್ಟಿಯೊಡನೆ ಕಣದ ನಡುವೆ ನಿಂತಳು. ಮಕ್ಕಳು ದೂರದಲ್ಲೇ ನಿಂತು ನೋಡಿದರು. ಇದರಲ್ಲೇನೋ ಹೂಟವಿದೆ ಎಂಬ ಅನುಮಾನ ಅವರಿಗೆ. ಕೊನೆಗೆ ಮಕ್ತುಮಬಿಯೇ ಮುಂದೆ ಬಂದಳು.

"ಚಪ್ಪಲಿ ಅಲ್ಲೇ ಬಿಡವಾ!"

"ಯಾಕಜ್ಜಿ? ಇದು ಗುಡಿ ಏನು?"

"ಗುಡಿ ಅಲ್ಲ. ಕಣ. ಉಣ್ಣೂ ಕಾಳು ಬೀಳೂ ಜಾಗಾ."

"ಆಡಬಹುದಲಾ ಮತ್ತ?"

ಮೈಲವ್ವ ಬುಟ್ಟಿಯನ್ನು ಅವಳ ಮುಂದೆ ಇಳಿಸಿದಳು. "ಆಡ್ರಿ. ಬರಿಗಾಲಿಲೆ ಆಡ್ರಿ."

ಕಣವೆಂದರೆ ಏನೆಂದು ಅವಳು ವಿವರಿಸತೊಡಗಿದ್ದಳು. ಕೇಳಲು ಯಾರೂ ಉಳಿಯಲಿಲ್ಲ. ಮೇಟಿಕಂಬ ಆಗಲೇ ವಿಕೆಟ್ಟಾಗಿತ್ತು. ಮೊದಲ ಚೆಂಡು ಅದಕ್ಕೆ ಠಪ್ಪೆಂದು ಬಡಿದಾಗ ಅವಳ ಎದೆಯೇ ಬಡಿದಂತಾಯಿತು. ಎರಡನೆಯದಕ್ಕೆ ಅಷ್ಟಾಗಲಿಲ್ಲ. ಆಮೇಲೆ, ಔಟಾದವನು ತಾನು ಔಟಲ್ಲವೆಂದು ವಾದಿಸಿದಾಗ, "ಬಡಿದದ್ದು ನಾ ನೋಡೇನಿ, ಸುಳ್ಳು ಹೇಳಬ್ಯಾಡ!" ಎಂದು ಅವಳೇ ಕೂಗಿದಳು. ಕುಲ್ಸುಮಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ರಾತ್ರಿ ಊಟಕ್ಕೆ ಮೊದಲೇ ತಕರಾರಿಗೆ ಲೇಔಟಿನವರ ಸಹಿಗಳೂ ಹೆಬ್ಬೆಟ್ಟುಗಳೂ ಬಿದ್ದವು.

ಗುರುವಾರ ಮನೋಹರ ಬಿಳಿ ಬೂಟು ಧರಿಸಿ, ನಕ್ಷೆಯ ಸುರುಳಿ ಹಿಡಿದು ಬಂದ. ಬೇಲಿಯನ್ನು ತೋರಿಸಲೆಂದೇ ಬಂದವನಿಗೆ ಬೇಲಿಯೇ ಕಾಣಲಿಲ್ಲ.

"ಮೇಡಂ, ಮೊನ್ನಿ ಮಟ ಇಲ್ಲಿ ಆಳೆತ್ತರ ಮುಳ್ಳಿತ್ತು! ಬೇಕಾದ್ರ ಅವರನ್ನಽ ಕೇಳ್ರಿ!"

ಅವನು ಹೇಳಿದ್ದು ನಿಜ. ನಿಜವನ್ನು ಯಾರು ಹೇಳಿದರೂ ಒಪ್ಪಬೇಕು. ಶ್ರೀದೇವಿ ಬಗ್ಗಿ, ಗೂಟ ಕಿತ್ತ ಗುಣಿಗಳನ್ನು ನೋಡಿ ಬರೆದುಕೊಂಡಳು.

"ಬೇಲಿ ಯಾರು ತಗದ್ರಿ?"

"ನಾನಽ ಹಾಕಿದ್ದೆ. ನಾನಽ ತಗದೆ" ಎಂದಳು ಮೈಲವ್ವ.

"ನಾ ಹೋದ ಮ್ಯಾಲ ಮತ್ತ ಹಾಕ್ತೀರೇನು?"

ಮೈಲವ್ವ ಮೇಟಿಯ ಕಡೆ ನೋಡಿದಳು. ನಾಲ್ಕು ವರ್ಷ ಹೇಳದ ಮಾತನ್ನು ಆಗ ಹೇಳಿದಳು.

"ಇಲ್ರಿ. ನಂದಲ್ಲದ ಜಾಗಕ್ಕ ನಾ ಹೆಂಗ ಹಾಕ್ಲಿ? ಖುಲ್ಲಾ ಇರಲಿ ಅಷ್ಟಽ. ಎಲ್ಲಾರೂ ಬರಲಿ."

ಶ್ರೀದೇವಿ ಒಳಗೆ ಹೆಜ್ಜೆಯಿಡಲು ಹೊರಟಳು. ಮಕ್ಕಳು ಒಕ್ಕೊರಲಿನಿಂದ, "ಚಪ್ಪಲಿ!" ಎಂದು ಕೂಗಿದರು. ಅವಳು ಬೆಚ್ಚಿ ಕೆಳಗೆ ನೋಡಿದಳು. ಕಣದ ಅಂಚಿಗೆ ಸಾಲಾಗಿ ಚಪ್ಪಲಿಗಳಿದ್ದವು: ಮಕ್ಕಳವು, ತೊಟ್ಟು ಬಿಡಿಸುವ ಹೆಂಗಸರವು, ಸಂಜೆ ಮುಂಜಾನೆ ತಿರುಗಾಡಲು ಬಂದ ಮುದುಕರವು. ಅವಳು ತನ್ನವನ್ನೂ ಸಾಲಿಗೆ ಸೇರಿಸಿ ಒಳಗೆ ಹೋದಳು. ಮನೋಹರನ ಬೂಟಿಗೆ ಲಾಡಿ. ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ. ಅಂಚಿನಲ್ಲೇ ನಿಂತು ತನ್ನ ವಾದವನ್ನು ಕೂಗಿ ಹೇಳಿದ. ಚೆಂಡಾಟದ ಗದ್ದಲದಲ್ಲಿ ಅರ್ಧ ಕೇಳಿಸಿತು.

ಸಂಕ್ರಾಂತಿಗೆ ಮೊದಲು ಆದೇಶ ಬಂತು. ಅರ್ಜಿ ತಿರಸ್ಕೃತವಾಗಿತ್ತು. ಉದ್ಯಾನ ಇದ್ದಲ್ಲೇ ಇರಬೇಕು, ಅಲ್ಲಿ ಕಟ್ಟಡ ಕೂಡದು. ಯಾವ ವ್ಯಕ್ತಿಯೂ ಅದನ್ನು ತನ್ನ ಸ್ವಂತಕ್ಕೆ ಬಳಸಕೂಡದು. ಕೊನೆಯ ಮಾತು ಯಾರಿಗೆಂದು ಸೋಮಪ್ಪ ಕೇಳಲಿಲ್ಲ. ಹೆಂಡತಿಯ ಮುಖ ನೋಡಿ ಕೆಮ್ಮಿದ.

ಆದರೆ ಮೋಟೆಬೆನ್ನೂರಿನಿಂದ ಮೆಣಸಿನಕಾಯಿ ಬಂದೇ ಬಂತು. ತುಂಬಿದ ಟ್ರೇಲರ್ ರಸ್ತೆಯಲ್ಲಿ ನಿಂತಿತ್ತು. ಜೀವಮಾನದಲ್ಲಿ ಆ ನೆಲದ ವಿಷಯಕ್ಕೆ ಯಾರನ್ನೂ ಏನನ್ನೂ ಕೇಳದ ಮೈಲವ್ವ ಕುಲ್ಸುಮಬಿಯ ಬಾಗಿಲಿಗೆ ಹೋಗಿ, ಒಂದು ಮೂಲೆಯಲ್ಲಿ ಒಣಹಾಕಲೇ ಎಂದು ಕೇಳಿದಳು.

"ನನಗೇನ್ ಕೇಳ್ತೀರಿ? ನಮ್ಮ ಹೆಂಗಸ್ರೂ ನಾಲ್ಕು ಬುಟ್ಟಿ ಹಾಸೋರಽ. ಆಡೋರನ್ನ ಕೇಳ್ರಿ" ಎಂದಳು ಕುಲ್ಸುಮಬಿ.

ಆಡುವವರ ಪರವಾಗಿ ಮಕ್ತುಮಬಿ ಷರತ್ತು ಹಾಕಿದಳು. ಮೂಡಣ ಮೂಲೆ ಮಾತ್ರ. ಯಾರು ಬೇಕಾದರೂ ಹಾಸಬಹುದು. ಅಂಪೈರ್ ಆಗಿ ಅಜ್ಜಿಯೇ ನಿಲ್ಲಬೇಕು. ಮೈಲವ್ವ ಒಂದೇ ಒಂದು ಷರತ್ತು ಸೇರಿಸಿದಳು: ಚೆಂಡು ಮೆಣಸಿನಕಾಯಿಗೆ ಬಿದ್ದರೆ ಹೊಡೆದವರು ಔಟ್. ಈ ಕರಾರಿಗೆ ಮುದ್ರಾಂಕವಿಲ್ಲ, ನೋಂದಣಿಯಿಲ್ಲ, ಸಾಕ್ಷಿಗಳ ಸಹಿಯೂ ಇಲ್ಲ. ಆ ಲೇಔಟಿನಲ್ಲಿ ಇದುವರೆಗೆ ಯಾರೂ ಮುರಿಯದ ಕರಾರು ಇದೊಂದೇ.

ಹಾಸಿದ ಮೊದಲ ಸಂಜೆಯೇ ಒಂದು ಚೆಂಡು ಮನೆಗಳ ಮಾಳಿಗೆಗಿಂತ ಮೇಲಕ್ಕೆದ್ದು ಮೂಡಣ ಮೂಲೆಯ ಕಡೆ ಹೊರಟಿತು. ಹೊಡೆದವಳು ಮಕ್ತುಮಬಿಯೇ. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಅದು ಇನ್ನೂ ಗಾಳಿಯಲ್ಲಿರುವಾಗಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ನಿಂತಿದ್ದ ಮೈಲವ್ವ ಕೈಯೆತ್ತಿ ಕೂಗಿದಳು: "ಔಟ್! ಮತ್ತ ಚೆಂಡು ಎತ್ತಿದ ಕೈಲೆ ಕಣ್ಣ ಮುಟ್ಟಿಕೋಬ್ಯಾಡವಾ, ಖಾರ ಐತಿ!"