ಹೈದರಾಬಾದಿನಲ್ಲಿಟ್ಟ ದನಿ

ಸದಲಗಾದ ಅನುಸೂಯಾಳಿಗೆ ಸಿಟ್ಟು ನೆತ್ತಿಗೇರಿದರೆ ಮಾತು ನಿಂತುಬಿಡುತ್ತದೆ. ಈ ಸಲ ಮಳೆಗಾಲವಿಡೀ ನಿಂತಿತ್ತು. ಬೋರಗಾಂವದ ಬಸವಂತನ ಹೆಸರು ಯಾರಾದರೂ ಎತ್ತಿದರೆ ಹಲ್ಲು ಕಡಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು.

ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು, ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದಾಳೆ. ಗಂಡ ಬೀರದೇವ ಡೊಳ್ಳಿನ ಪದ ಕಟ್ಟಿ ಹಾಡುವವನು. ಅವನು ತೀರಿಕೊಂಡ ಮೇಲೆ ಉಳಿದದ್ದು ಮೊಬೈಲಿನಲ್ಲಿ ಹಿಡಿದಿಟ್ಟ ದನಿಯಷ್ಟೇ. ಮೊಬೈಲ್ ಎಷ್ಟು ದಿನದ ಮಾತು ಎಂದು ಎಲ್ಲವನ್ನೂ ಕ್ಲೌಡಿಗೆ ಏರಿಸಿದಳು. ಅಲ್ಲಿ ಮೊದಲು ಕೇಳಿದ್ದೇ ಯಾವ ರೀಜನ್ ಎಂದು. ಕ್ಲೌಡ್ ಎಂದರೆ ಆಕಾಶದಲ್ಲೇನೂ ಇಲ್ಲ. ಯಾವುದೋ ಊರಿನ ಸುತ್ತಮುತ್ತ ಕಟ್ಟಡಗಳಲ್ಲಿ ತುಂಬಿಟ್ಟ ಯಂತ್ರಗಳು. ಆ ಕಟ್ಟಡಗಳ ಗುಂಪಿಗೇ ರೀಜನ್ ಎನ್ನುತ್ತಾರೆ. ಸಮೀಪದ್ದಾದರೆ ಹಾಡು ಬೇಗ ಬರುತ್ತದೆಂದು ಆಕೆ ಮುಂಬೈ ಆರಿಸಿದಳು. ಆದರೆ ಒಂದು ರೀಜನ್ನಿನಲ್ಲಿ ಇಟ್ಟದ್ದು ತಾನಾಗಿ ಇನ್ನೊಂದಕ್ಕೆ ಹೋಗುವುದಿಲ್ಲ, ನಾವೇ ಇಡಬೇಕು. ದೂಧಗಂಗಾ ಹೊಳೆ ಏರುವ ಕಾಲಕ್ಕೆ ಆಕೆಯ ತವರಿನವರು ಅರ್ಧ ಹಿಂಡನ್ನು ಅಥಣಿ ಕಡೆಯ ಬೀಗರ ಹಟ್ಟಿಗೆ ಅಟ್ಟುತ್ತಿದ್ದರು. ದೃಷ್ಟಿಯಾದೀತೆಂದು ಯಾರಿಗೂ ಹೇಳುತ್ತಿರಲಿಲ್ಲ. ಅದೇ ಬುದ್ಧಿಯಲ್ಲಿ ಆಕೆ ಹೈದರಾಬಾದಿನಲ್ಲೂ ಒಂದು ಪ್ರತಿ ಇಟ್ಟು, ಬೇರೆಯೇ ಪಾಸ್‌ವರ್ಡ್ ಹಾಕಿ, ಬಾಯಿ ಹೊಲಿದುಕೊಂಡಳು.

ಬಸವಂತ ಗಂಡನ ಶಿಷ್ಯ, ಆಕೆಯನ್ನು ಅತ್ತಿಗೆಯೆಂದೇ ಕರೆಯುವವನು. "ಗುರುವಿನ ಪದ ಕಲೀತೀನ್ರಿ ವೈನಿ" ಎಂದು ನಯವಾಗಿ ಮುಂಬೈಯ ಪಾಸ್‌ವರ್ಡ್ ಇಸಿದುಕೊಂಡ. ಪದಗಳನ್ನು ಇಳಿಸಿಕೊಂಡು, ಅಲ್ಲಿದ್ದುದನ್ನೆಲ್ಲ ಅಳಿಸಿ, ತಾನೇ ಕಟ್ಟಿದ್ದೆಂದು ಊರೂರಲ್ಲಿ ಹಾಡತೊಡಗಿದ, ನಾಚಿಕೆಗೆಟ್ಟವನು! ಕೇಳಲು ಹೋದವಳಿಗೆ, "ನಿಮ್ಮ ಕಡೆ ಪುರಾವೆ ಏನೈತ್ರಿ? ಹಳೇ ಮೊಬೈಲ್ ಕೆಟ್ಟೈತಿ, ಕ್ಲೌಡ್ ಖಾಲಿ ಆಗೈತಿ" ಎಂದು ನಕ್ಕ. ಇನ್ನೊಂದು ಪ್ರತಿ ಇದೆ ಎಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಮನೆಯಂಗಳದಲ್ಲಿ ಬಿದ್ದವನು ಮೈ ಕೊಡವಿಕೊಂಡು ಎದ್ದಾನು, ನಾಲ್ಕು ಮಂದಿಯ ಎದುರು ಬೀಳಲಿ ಎಂದು ಕಾದಳು.

ಬೇಡಕಿಹಾಳದ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಡೊಳ್ಳಿನ ಮೇಳದವರು ಬಸವಂತನಿಗೆ ಸನ್ಮಾನ ಇಟ್ಟುಕೊಂಡರು. ಶಾಲು ಹೊದಿಸುವ ಹೊತ್ತಿಗೆ ಅನುಸೂಯಾ ಕಟ್ಟೆ ಹತ್ತಿ ಮೈಕಿಗೆ ಮೊಬೈಲ್ ಹಿಡಿದಳು. ಹೈದರಾಬಾದಿನಿಂದ ಬಂದ ಬೀರದೇವನ ದನಿ ಹಾಡತೊಡಗಿತು. ನಡುವೆ ಆ ಮೊಬೈಲಿನಲ್ಲೇ ಜೊತೆಗೆ ಹಾಡುತ್ತಿದ್ದ ಇನ್ನೊಂದು ದನಿ ತಪ್ಪಿತು, ಬೀರದೇವ ಗದರಿದ:

"ಬಸವಂತಾ, ನಾ ನಿನ್ನೆ ಕಟ್ಟಿದ ಪದಾನ ಇವತ್ತ ಕೆಡಸ್ತೀಯೇನಲೇ? ಮೊದಲಿಂದ ಹಾಡ!"

ಬಸವಂತನ ಮುಖ ಬಿಳಿಚಿಕೊಂಡಿತು. "ವೈನಿ, ಕೈ ಮುಗೀತೀನ್ರಿ, ಬಂದ್ ಮಾಡ್ರಿ" ಎಂದ.

"ಗುರು ಹೇಳಾಕತ್ತಾನ, ಕೇಳಸವಲ್ದೇನು? ಹಾಡ" ಎಂದಳು ಅನುಸೂಯಾ.

ಶಾಲು ಹಿಡಿದವರು ಹಿಂದೆ ಸರಿದರು. ಆಕೆಗೆ ಒಂದಿಷ್ಟೂ ಕನಿಕರ ಬರಲಿಲ್ಲ. ಖುಷಿಯಾಯಿತು, ಹೊಟ್ಟೆ ತುಂಬ ಖುಷಿ. ಅವನು ತೊದಲುತ್ತ ಮೊದಲ ಸಾಲು ಎತ್ತಿಕೊಳ್ಳುವವರೆಗೂ ಮೈಕು ಅವನ ಬಾಯಿಗೇ ಹಿಡಿದು ನಿಂತಳು. ಇಡೀ ಮೇಳದಲ್ಲಿ ಒಬ್ಬನೂ ಅವನಿಗಾಗಿ ಡೊಳ್ಳು ಬಾರಿಸಲಿಲ್ಲ.